ಹೊಟ್ಟೆಯ ಮೇಲಿನ ನೇರಳೆ

ಸತ್ತವರ ಹಬ್ಬಕ್ಕೆ ಗೊಂಬೆ ರೊಟ್ಟಿ ಕೊಳ್ಳಲು ಕೀಟೋ ನಗರದ ಬೇಕರಿ ಮುಂದೆ ಸಾಲಿನಲ್ಲಿದ್ದೆ. ನನ್ನ ಮುಂದೆ ಅಕ್ಕಪಕ್ಕದ ಮನೆಯ ಮುದುಕಿಯರು, ಝೋಯ್ಲಾ ಮತ್ತು ತಾರ್ಹೆಲಿಯಾ.

"ಹೋದ ವರ್ಷ ಸಕ್ಕರೆ ನೀರಿಟ್ಟು ನನ್ನ ತೋಟಕ್ಕೆ ಬರ್ತಿದ್ದ ಝೇಂಕಾರದ ಹಕ್ಕೀನ ಮರುಳು ಮಾಡಿದೋಳು ನೀನೇ," ಎಂದಳು ಝೋಯ್ಲಾ.

"ಅದರ ಮೇಲೆ ನಿನ್ನ ಹೆಸರು ಬರ್ದಿತ್ತಾ?"

"ಕಿವಿ ಹತ್ರ ನೇರಳೆ ಗರಿ ಇತ್ತಲ್ಲೇ!"

"ಇಲ್ಲಿಗೆ ಬರೋ ಎರಡು ಜಾತಿ ಹಕ್ಕಿಗೂ ಕಿವಿ ನೇರಳೆನೇ ಮಾರಾಯ್ತಿ. ನಿಂದರ ಹೊಟ್ಟೆ?"

"ಹಸಿರು."

"ನಮ್ಮನೇದರ ಹೊಟ್ಟೇನೂ ನೇರಳೆ. ಗಾತ್ರಾನೂ ದೊಡ್ಡದು."

ಝೋಯ್ಲಾ ಹಣೆ ಬಡಿದುಕೊಂಡಳು.

"ಹಾಗಾದ್ರೆ ಅದು ನಮ್ದಲ್ಲ. ಅಯ್ಯೋ, ಅದೇ ಸಿಟ್ಟಿಗೆ ಹೋದ ವರ್ಷ ನಿಂಗೆ ಹಬ್ಬದ ನೇರಳೆ ಬಣ್ಣದ ಅಂಬಲಿ ಕಳಿಸ್ಲಿಲ್ಲ ಕಣೇ!"

"ಮರೆತಿದ್ದೀಯ ಅಂದ್ಕೊಂಡಿದ್ದೆ."

"ಈ ಸಲ ಎರಡು ಚೊಂಬು ಕಳಿಸ್ತೀನಿ."

"ಕಳಿಸು. ನನ್ನ ಹೊಟ್ಟೇನೂ ನೇರಳೆ ಆಗ್ಲಿ."

ರೊಟ್ಟಿ ಹಿಡಿದು ಇಬ್ಬರೂ ನಗುತ್ತ ಇಳಿಜಾರಿನಲ್ಲಿ ಹೊರಟರು.