ಹನ್ನೊಂದು ಸೊಪ್ಪಿನ ಬದು

ಗುದ್ದಲಿ ಹಿಡಿದದ್ದು ನಾನೇ ಕಣೇ, ನಿಮ್ಮ ಮುತ್ತಾತ ಅಲ್ಲ. ಶನಿವಾರ. ಅಲ್ಲ, ಭಾನುವಾರ, ಶನಿವಾರ ನಾನು ಮುಳಬಾಗಿಲಿಂದ ಹಳ್ಳಿಗೆ ನಡ್ಕೊಂಡು ಬಂದದ್ದು. ಯುದ್ಧದ ಕಾಲ, ನನಗೆ ಮೇಷ್ಟ್ರ ಕೆಲಸ ಸಿಕ್ಕಿ ವರ್ಷ ಆಗಿರಲಿಲ್ಲ. ಬೆಳೆದ ರಾಗೀಲಿ ಸರ್ಕಾರಕ್ಕೆ ಲೆವಿ ಕೊಡಬೇಕು, ಮಿಕ್ಕಿದ್ದು ಮನೆಗೆ ಸಾಲ್ತಿರಲಿಲ್ಲ. ನಾನು ಓದಿದವನು ನೋಡು, ಹೇಳಿದೆ: "ಅಪ್ಪಾ, ಇಷ್ಟಗಲ ಬದು ಯಾಕೆ ಬಿಟ್ಟಿದ್ದೀಯ? ಬರೀ ಕಳೆ. ಕೆತ್ತಿದ್ರೆ ಇನ್ನು ನಾಲ್ಕು ಸಾಲು ರಾಗಿ ಬರುತ್ತೆ" ಅಂತ. ನಮ್ಮಮ್ಮ ದಿನಾ ಸೊಪ್ಪು ತರ್ತಿದ್ದದ್ದು ಆ ಬದುವಿಂದ. ಯಾರೂ ಬಿತ್ತಿದ್ದಲ್ಲ. ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆಸೊಪ್ಪು, ಚಿಲಕರಿವೆ, ಇನ್ನೂ ಏನೇನೋ, ಎಲ್ಲ ಸೇರಿಸಿ ಬೇಯಿಸಿದ್ರೆ ಬೆರಕೆ ಸೊಪ್ಪು. ನನ್ನ ತಂಗಿ ಚಿನ್ನಿಗೆ ಆಗ ಐದು ವರ್ಷ. ಅಮ್ಮ ಸೊಪ್ಪು ಬಿಡಿಸೋವಾಗ ಎದುರಿಗೆ ಕೂತು ಒಂದೊಂದರ ಹೆಸರು ಹೇಳೋಳು. ಹನ್ನೊಂದು ಹೆಸರು ಆಗೋವರೆಗೂ ಪಾತ್ರೆ ಒಲೆ ಮೇಲಿಡೋಕೆ ಬಿಡ್ತಿರಲಿಲ್ಲ.

ಅವತ್ತು ಅಮ್ಮ ಬದುವಿನ ಮೇಲೆ ನಿಂತು, "ಏಮ್ರಾ ಮೇಷ್ಟ್ರೇ, ನಾಳೆಯಿಂದ ಮುದ್ದೆಗೆ ನಿನ್ನ ಪುಸ್ತಕ ಬೇಯಿಸಲಾ?" ಅಂದ್ಲು. ಅಪ್ಪ ನಕ್ಕ, ನಾನೂ ನಕ್ಕೆ. ಸಂಜೆ ಹೊತ್ತಿಗೆ ಬದು ಒಂದು ಗೇಣಾಯ್ತು. ಬೇರು ಸಮೇತ ತೆಗೆದಿದ್ದೆ. ಅರ್ಧಂಬರ್ಧ ಕೆಲಸ ನನಗೆ ಆಗಲ್ಲ, ನಿಮಗೆ ಗೊತ್ತಲ್ಲ. ಮೇಷ್ಟ್ರು ಮಾಡಿದ್ರು ಅಂತ ಅಕ್ಕಪಕ್ಕದ ಹೊಲದೋರೂ ಕೆತ್ತಿದ್ರು.

ಆ ವರ್ಷ ಮಳೆ ಕೈಕೊಡ್ತು. ಹೊಸ ನಾಲ್ಕು ಸಾಲೇ ಮೊದಲು ಒಣಗಿದ್ದು, ಆಮೇಲೆ ಹೊಲ. ಹಿಂದೆಲ್ಲ ಮಳೆ ಹೋದ್ರೂ ಬದುವಿನಲ್ಲಿ ಏನೋ ಒಂದು ಹಸಿರಿರ್ತಿತ್ತು, ಈಗ ಅದೂ ಇಲ್ಲ. ಹಸು ಬತ್ತಿಹೋಯ್ತು. ನುಗ್ಗೆಮರಗಳನ್ನ ಊರೇ ಬೋಳಿಸಿತ್ತು. ಎರಡು ಹೊತ್ತಿನದು ಒಂದು ಹೊತ್ತಾಯ್ತು: ಮುದ್ದೆ, ಉಪ್ಪು, ಹುಣಸೆನೀರು. ಒಂದು ಸಂಜೆ ಚಿನ್ನಿ ಹೊಸಿಲು ಎಡವಿ ಬಿದ್ಲು. "ನೋಡ್ಕೊಂಡು ನಡಿಯೇ" ಅಂತ ಗದರಿದೆ. "ಇವತ್ತು ಬೇಗ ಕತ್ತಲಾಯ್ತಲ್ಲಣ್ಣ" ಅಂದ್ಲು. ಹೊರಗಿನ್ನೂ ಬೆಳಕಿತ್ತು. ಅಮ್ಮನಿಗೆ ತಕ್ಷಣ ಗೊತ್ತಾಯ್ತು. "ಇರುಳುಗಣ್ಣು ಕಣೋ. ನಾಲ್ಕು ದಿನ ಸೊಪ್ಪು ತಿನ್ನಿಸಿದ್ರೆ ಹೋಗುತ್ತೆ" ಅಂತ ಮಂಕರಿ ತಗೊಂಡು ಕೆರೆ ಅಂಗಳದವರೆಗೂ ಹೋದ್ಲು. ಬರಿಗೈಲಿ ಬಂದ್ಲು. ಮಾರನೇ ದಿನವೂ ಹೋದ್ಲು.

ಗಾಡಿ ಕಟ್ಕೊಂಡು ಕೋಲಾರದ ಆಸ್ಪತ್ರೆಗೆ ಹೋಗೋ ಹೊತ್ತಿಗೆ ಎರಡೂ ಕಣ್ಣಲ್ಲಿ ಬಿಳಿ ಬಂದಿತ್ತು. ಡಾಕ್ಟರು ರೆಪ್ಪೆ ಎತ್ತಿ ನೋಡಿ, "ಏನಮ್ಮಾ, ಮಗೂಗೆ ಸೊಪ್ಪುಗಿಪ್ಪು ಹಾಕಲ್ವಾ?" ಅಂದ್ರು. ಅಮ್ಮ ನನ್ನ ಕಡೆ ನೋಡ್ಲಿಲ್ಲ. ತಾನು ಸಾಯೋವರೆಗೂ ಆ ಬದುವಿನ ಮಾತು ಎತ್ತಲಿಲ್ಲ. ಎತ್ತಿದ್ರೆ ಚೆನ್ನಾಗಿತ್ತು.

ಮುಂದಿನ ವರ್ಷ ಮಳೆ ಬಂತು. ಬದುವಿನ ಮೇಲೆ ಮತ್ತೆ ಚಿಗುರಿದ್ದನ್ನ ಅಮ್ಮ ಕೊಯ್ದು ತಂದು ಚಿನ್ನಿ ಮಡಿಲಿಗೆ ಹಾಕಿದ್ಲು. ಅವಳು ಬೆರಳಲ್ಲಿ ಸವರಿ, ಮೂಸಿ, ಒಂದೊಂದೇ ಹೆಸರು ಹೇಳಿದ್ಲು. ಮಡಿಲಲ್ಲಿದ್ದ ಮೂರನ್ನೂ ಹೇಳಿ, ಮಿಕ್ಕ ಎಂಟಕ್ಕೆ ಕೈ ಚಾಚ್ಕೊಂಡೇ ಕೂತಿದ್ಲು.