ಹಸಿ ಮರದ ಮುಖ

ಎಕ್ಸ್‌ರೇ ಕೋಣೆಯ ಮುಂದೆ ಊದಿದ ಕಾಲು ಚಾಚಿಕೊಂಡು ಕೂತಿದ್ದ ಲಾರಿ ಚಾಲಕನ ಪಕ್ಕಕ್ಕೆ, ಡಾಕ್ಟರ ಕೋಣೆಯಿಂದ ಹೊರಬಂದ ವಯಸ್ಸಾದ ಗಂಡ ಹೆಂಡತಿ ಬಂದು ಕೂತರು. ಬೇಡವೆಂದರೂ ಅವರ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ರೀ, ನನ್ನ ಮುಖ ಕೆತ್ತೋದು ಇವತ್ತೇ ಶುರು ಮಾಡಿ.”

“ಆ ದಿಮ್ಮಿ ಇನ್ನೂ ಹಸಿ ಕಣೇ. ಒಣಗೋಕೆ ಒಂದು ವರ್ಷನಾದ್ರೂ ಬೇಕು.”

“ವರ್ಷ ಎಲ್ಲಿಂದ ತರ್ತೀರಿ? ಡಾಕ್ಟರು ಈಗ ಹೇಳಿದ್ದು ಕೇಳಿಸ್ಲಿಲ್ವಾ?”

“ಅವರು ಹಾಗೇ ಅಂತಾರೆ.”

“ಮದುವೆಯಾದ ಹೊಸದರಲ್ಲಿ ಉಳಿ ಅಟ್ಟಕ್ಕೆ ಹಾಕಿದ್ರಿ. ರಿಟೈರಾದ್ಮೇಲೆ ಮತ್ತೆ ಇಳಿಸಿದ್ರಿ. ಗೂಬೆ ಆಯ್ತು, ಬಾತುಕೋಳಿ ಆಯ್ತು. ನನ್ನ ಸರದಿ ಮಾತ್ರ ಬರ್ಲಿಲ್ಲ.”

“ಕೈ ಪಳಗಲಿ ಅಂತಿದ್ದೆ. ನಿನ್ನ ಮೂಗು ಕೆಡಬಾರದಲ್ಲ.”

“ಕೆಟ್ರೂ ಗೂಬೆಗಿಂತ ಚೆನ್ನಾಗೇ ಇರುತ್ತೆ.”

ಗಂಡ ನಗಲಿಲ್ಲ.

“ಹಸೀಲಿ ಕೆತ್ತಿದ್ರೆ ಒಣಗ್ತಾ ಒಣಗ್ತಾ ಬಿರುಕು ಬಿಡುತ್ತೆ ಕಣೇ. ಮುಖದ ಮಧ್ಯದಲ್ಲೇ.”

“ಬಿಟ್ರೆ ಬಿಡಲಿ. ಅಷ್ಟೊತ್ತಿಗೆ ನೋಡೋಕೆ ನಾನಿರಲ್ಲ.”

“ನಾನಿರ್ತೀನಲ್ಲೇ.”

ಚಾಲಕ ತನ್ನ ಕಾಲನ್ನೇ ನೋಡುತ್ತ ಕೂತ. ಹೆಂಡತಿ ಗಂಡನ ತೋಳು ಹಿಡಿದು ಎದ್ದಳು.

“ನಡೀರಿ, ಬೆಳಕಿರೋವಾಗ್ಲೇ ಮನೆ ಸೇರೋಣ. ನೀವು ಉಳಿ ಮಸೆಯೋದಿದೆ.”