ಮುಂದಿನ ಗಾಲಿ ಬಿಚ್ಚಿದ್ದು ನಾನೇ

ಹೆಸರು: ಮಹೆಕ, ತಂದೆ ಮೈನೋದ್ದೀನ ಪೀರಜಾದೆ. ವಯಸ್ಸು: 20. ಉದ್ಯೋಗ: ಬಿ.ಎ. ವಿದ್ಯಾರ್ಥಿನಿ, ಸೈಕಲ್ ಪಟು. ಸಾ: ಕುಲಗೋಡ, ತಾ: ಮೂಡಲಗಿ, ಜಿ: ಬೆಳಗಾವಿ. ಇಂದು ಠಾಣೆಯಲ್ಲಿ ವಿಚಾರಿಸಲಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮೂರಿನ ಸತ್ಯಪ್ಪ ಕಾಕಾ ಅವರ ಮಗಳು ಸರಿತಾ ಮತ್ತು ನಾನು ಸಾಲಿಗೆ ಹೋಗುವಾಗಿನಿಂದ ಜೊತೆಯಲ್ಲೇ ಸೈಕಲ್ ತುಳಿದವರು. ನಾವಿಬ್ಬರೂ ಹೆಸರು ಕೊಟ್ಟಿದ್ದ ಇಂದಿನ ಹುಕ್ಕೇರಿ–ಗೋಕಾಕ ರೇಸಿನಲ್ಲಿ ಮೊದಲು ಬಂದವರಿಗೆ ರಾಜ್ಯ ತಂಡದ ಆಯ್ಕೆಗೆ ಹೋಗುವ ಅವಕಾಶವಿತ್ತು. ಅದಕ್ಕಾಗಿ ಕಾಕಾ ಮಗಳಿಗೆ ಕಾರ್ಬನ್ ಗಾಲಿ ತರಿಸಿದ್ದರು. ಅಂಥ ಗಾಲಿಗೆ ಬ್ರೇಕ್ ರಬ್ಬರು ಬೇರೆಯೇ ಬೇಕು, ಹಳೆಯವೇ ಇದ್ದರೆ ಗಾಲಿ ಕಾದು ಬ್ರೇಕ್ ಹಿಡಿಯುವುದಿಲ್ಲ. ಡಬ್ಬಿಯಲ್ಲಿ ಅವೂ ಬಂದಿದ್ದವು.

ಆದರೆ ಕಾಕಾ ಹಳೆಯ ಎತ್ತಿನ ಗಾಡಿ ಓಟದ ಶರ್ಯತ್ತಿನವರು. ಗಾಡಿಗೆ ಹೊಸ ಗಾಲಿ ಹಾಕಿದರೆ ಅದು ಕಳಚದಂತೆ ಅಚ್ಚಿಗೆ ಹೊಡೆಯುವ ಕೀಲು ಮಾತ್ರ ಹಿಂದೆ ಗೆದ್ದ ಗಾಡಿಯದೇ ಇರಬೇಕು, ಇಲ್ಲವಾದರೆ ಗೆಲುವು ಕೈಬಿಡುತ್ತದೆ ಎಂಬುದು ಅವರ ಮನೆಯ ನಡಾವಳಿ. ಸೈಕಲ್ಲಿಗೆ ಅಂಥ ಕೀಲು ಇಲ್ಲದ ಕಾರಣ, ಗಾಲಿಗೆ ತಾಗುವ ರಬ್ಬರನ್ನೇ ಕೀಲೆಂದು ತಿಳಿದು, ಸರಿತಾ ಹೋದ ವರ್ಷ ಗೆದ್ದಾಗ ಇದ್ದ ಹಳೆಯ ರಬ್ಬರುಗಳನ್ನೇ ಉಳಿಸಿದರು. ಹೊಸವು ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕುಳಿತಿವೆ.

ನಿನ್ನೆ ಶನಿವಾರ ಸಂಜೆ ಗೋಕಾಕ ಫಾಲ್ಸ್ ದಾಟಿ ಇಳಿಜಾರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾಗ ಸರಿತಾ ತಿರುವಿನಲ್ಲಿ ಬ್ರೇಕ್ ಹಿಡಿದಳು. ಸುಟ್ಟ ವಾಸನೆ ಬಂತು, ಸೈಕಲ್ ನಿಲ್ಲಲಿಲ್ಲ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ಕಾಲು ಉಜ್ಜಿ ನಿಲ್ಲಿಸಿದಾಗ ಅವಳಿಗೂ ಟ್ರೇಲರಿಗೂ ನಡುವೆ ಒಂದು ಮೊಳ ಜಾಗವಿತ್ತು. ಹಿಂದೆ ಬರುತ್ತಿದ್ದ ನಾನು ಇಳಿದು ಓಡಿದೆ. ಗಾಲಿಯ ಅಂಚು ಮುಟ್ಟಿ ನೋಡಿದೆ, ಬೆರಳು ಸುಟ್ಟಿತು. ಆ ಬೊಬ್ಬೆಯನ್ನು ತಮಗೆ ತೋರಿಸಿದ್ದೇನೆ.

ಕಾಕಾಗೆ ಹೇಳಿದೆ. ಹೊಸ ಸಾಮಾನು ಮೊದಮೊದಲು ಹಾಗೆಯೇ ವಾಸನೆ ಬರುತ್ತದೆ ಎಂದರು. ಸರಿತಾಳಿಗೆ ಹೇಳಿದೆ. ನನಗೆ ಹೊಟ್ಟೆಕಿಚ್ಚು ಎಂದಳು. ಇಂದು ಬೆಳಿಗ್ಗೆ 6-30ಕ್ಕೆ ರೇಸ್ ನಡೆಸುವ ಬಾಳೇಶ ಅವರಿಗೆ ಹೇಳಿದೆ. ಬೆರಳುದ್ದದ ರಬ್ಬರಿಗೆ ಇಷ್ಟು ರಂಪ ಮಾಡಬಾರದು, ಇವೆಲ್ಲ ಸಣ್ಣ ವಿಷಯ ಎಂದು ನಕ್ಕರು. ಸಣ್ಣದೇ ಆಗಿದ್ದರೆ ಬದಲಿಸಲು ಇವರಿಗೆಲ್ಲ ಏನು ಧಾಡಿಯಾಗಿತ್ತು ಎಂದು ಈಗಲೂ ಕೇಳುತ್ತೇನೆ.

6-45ಕ್ಕೆ ಸರಿತಾ ನಂಬರ್ ತರಲು ಹೋದಾಗ ಅವಳ ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿಕೊಂಡೆ. ಹೆಗಲಿಗೆ ಹಾಕಿಕೊಂಡು ಎಲ್ಲರೂ ನೋಡುವಂತೆ ಬಜಾರದಲ್ಲಿ ನಡೆದು ಇದೇ ಠಾಣೆಗೆ ಬಂದು ತಮ್ಮ ಮೇಜಿನ ಮೇಲೆ ಇಟ್ಟೆ. ನಾನು ಗಾಲಿ ಕದ್ದೆ ಎಂದು ಕಾಕಾ ದೂರು ಕೊಟ್ಟಿದ್ದಾರೆ. ಕದ್ದವರು ಮಾಲನ್ನು ಠಾಣೆಗೆ ತಂದು ಒಪ್ಪಿಸುವುದಿಲ್ಲ. ಅವಳನ್ನು ತಪ್ಪಿಸಿ ನಾನು ಗೆಲ್ಲಲು ನೋಡಿದೆ ಎಂದೂ ಅದರಲ್ಲಿದೆ. ರೇಸ್ ಶುರುವಾದಾಗ ನಾನು ಇಲ್ಲಿ ಬೆಂಚಿನ ಮೇಲೆ ಕುಳಿತಿದ್ದೆ. ಈ ವರ್ಷದ ಅವಕಾಶ ನನಗೂ ಹೋಯಿತು, ಅದರ ಸಂಕಟ ನನಗೂ ಇದೆ.

ಹಿಂದೆಯೇ ಓಡಿ ಬಂದ ಸರಿತಾ ತಮ್ಮೆದುರೇ ನನಗೆ, “ಇವತ್ತಿಂದ ನೀ ನನ್ನ ಪಾಲಿಗೆ ಸತ್ತಿ” ಎಂದಳು.

“ಇರ್ಲಿ. ನೀ ಇದ್ದಿಯಲ್ಲ, ಸಾಕು” ಎಂದೆ.

ತಪ್ಪಾಯಿತು ಎಂದು ಒಂದು ಸಾಲು ಬರೆಸಿದರೆ ದೂರು ಹಿಂದೆ ಪಡೆಯುವುದಾಗಿ ಕಾಕಾ ಹೇಳಿ ಕಳಿಸಿದ್ದಾರೆ. ಬರೆದುಕೊಂಡದ್ದನ್ನು ಓದಿ ಹೇಳಿದ್ದನ್ನು ಕೇಳಿದ್ದೇನೆ, ಎಲ್ಲವೂ ನಾನು ಹೇಳಿದಂತೆಯೇ ಇದೆ, ಸತ್ಯವಿದೆ. ಆ ಸಾಲು ಇದರಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಸಹಿ ಮಾಡಿದ್ದೇನೆ. ಜಗಲಿಯ ಮೇಲಿನ ರಬ್ಬರು ತಂದು ಹಾಕುವವರೆಗೆ ಗಾಲಿಯನ್ನು ಯಾರ ಕೈಗೂ ಕೊಡಬಾರದಾಗಿ ವಿನಂತಿ.

ಸ್ಥಳ: ಹುಕ್ಕೇರಿ
ದಿನಾಂಕ: 12-01-2025
(ಸಹಿ) ಮಹೆಕ ಮೈನೋದ್ದೀನ ಪೀರಜಾದೆ